ಕೌದಿ ಒಳಗೂ ಒಣಗಿರಲಿ: ಚಳಿಗಾಲದ ಬಟ್ಟೆಗಳನ್ನು ಒಗೆದು ಎತ್ತಿಡುವ ಕ್ರಮ

ಶಿವರಾತ್ರಿ ಕಳೆದು ಚಳಿ ಹಿಂದೆಗೆದ ಕೂಡಲೇ ಕೌದಿ, ಕಂಬಳಿ, ಸ್ವೆಟರುಗಳನ್ನು ಒಗೆದು ಟ್ರಂಕಿಗೆ ತುಂಬುವುದು ಕಲಬುರಗಿ ನಗರದಲ್ಲಿಯೂ ಕಮಲಾಪುರದಲ್ಲಿಯೂ ರೂಢಿಯಾಗಿದ್ದು, ಹೀಗೆ ತುಂಬಿಟ್ಟವುಗಳಲ್ಲಿ ಎಷ್ಟೋ ಬಟ್ಟೆಗಳು ದೀಪಾವಳಿಯ ಹೊತ್ತಿಗೆ ಮುಗ್ಗಲು ವಾಸನೆ, ಬೂಷ್ಟಿನ ಕಪ್ಪು ಚುಕ್ಕೆ ಹಾಗೂ ನುಸಿ ತಿಂದ ತೂತುಗಳೊಂದಿಗೆ ಹೊರಬರುತ್ತವೆ. ಇದಕ್ಕೆ ಮುಖ್ಯ ಕಾರಣ ಈ ಸೀಮೆಯ ಬಿಸಿಲಿನ ಮೇಲಿರುವ ಅತಿಯಾದ ನಂಬಿಕೆ. ಫೆಬ್ರುವರಿ, ಮಾರ್ಚ್ ತಿಂಗಳುಗಳ ಒಣ ಗಾಳಿ ಬಟ್ಟೆಯ ಮೇಲ್ಮೈಯನ್ನು ಬಹುಬೇಗ ಒಣಗಿಸುತ್ತದೆಯಾದರೂ ದಪ್ಪ ಬಟ್ಟೆಯ ಒಳಗಿನ ತೇವ ಅಷ್ಟು ಬೇಗ ಹೋಗುವುದಿಲ್ಲ. ಉಳಿದ ತೇವವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ ತನ್ನ ಕೆಲಸ ಮಾಡುತ್ತದೆ.

ಒಗೆಯುವ ಮೊದಲು ಬಟ್ಟೆಗಳನ್ನು ಉಣ್ಣೆಯವು, ಹತ್ತಿಯವು, ಕೃತಕ ನೂಲಿನವು ಎಂದು ಬೇರ್ಪಡಿಸಬೇಕು. ಉಣ್ಣೆಯ ಎಳೆಯ ಮೇಲೆ ಬರಿಗಣ್ಣಿಗೆ ಕಾಣದ ಪೊರೆಗಳಿದ್ದು, ಬಿಸಿನೀರು ಹಾಗೂ ತಿಕ್ಕುವಿಕೆಯಿಂದ ಅವು ಒಂದಕ್ಕೊಂದು ಸಿಕ್ಕಿಕೊಳ್ಳುವುದರಿಂದ ಸ್ವೆಟರು ಕುಗ್ಗಿ ಗಟ್ಟಿಯಾಗುತ್ತದೆ. ಒಮ್ಮೆ ಹೀಗಾದ ಬಟ್ಟೆಯನ್ನು ಮೊದಲಿನ ಸ್ಥಿತಿಗೆ ತರಲಾಗದು. ಆದಕಾರಣ ತಣ್ಣೀರು, ಸೌಮ್ಯವಾದ ದ್ರವ ಸಾಬೂನು ಸಾಕು. ಬೋರ್‌ವೆಲ್‌ನ ಗಡಸು ನೀರು, ಅಂದರೆ ಸುಣ್ಣದಂಶ ಹೆಚ್ಚಿರುವ ನೀರು ಬಳಸುವ ಮನೆಗಳಲ್ಲಿ ಸಾಮಾನ್ಯ ಸಾಬೂನು ನೊರೆಯಾಗದೆ ಜಿಡ್ಡುಗಟ್ಟಿ ಎಳೆಗಳಲ್ಲಿ ಉಳಿಯುವುದರಿಂದ, ಜಾಲಿಸುವ ನೀರನ್ನು ಎರಡು ಮೂರು ಸಲ ಬದಲಿಸಬೇಕು. ಕುರುಬರು ನೇಯುವ ಕರಿಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರಾದ್ದರಿಂದ ಅದನ್ನು ಪದೇಪದೇ ನೀರಿಗೆ ಹಾಕದೆ, ಕೊಡವಿ, ಬ್ರಷ್‌ನಿಂದ ಉಜ್ಜಿ, ಬಿಸಿಲಿಗೆ ಹಿಡಿಯುವುದೇ ಮೇಲು.

ಒಗೆದ ಸ್ವೆಟರನ್ನು ಹಿಂಡದೆ, ಒಣ ಟವೆಲ್‌ನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಹೊರಸಿನ ಮೇಲೆ ಅಡ್ಡವಾಗಿ ಹರವಿ ನೆರಳಿನಲ್ಲಿ ಒಣಗಿಸಬೇಕು. ಹಗ್ಗಕ್ಕೆ ತೂಗುಹಾಕಿದ ಒದ್ದೆ ಸ್ವೆಟರು ತನ್ನ ಭಾರಕ್ಕೆ ತಾನೇ ಜಗ್ಗಿ ಅಳತೆಗೆಡುತ್ತದೆ. ಮಾಳಿಗೆಯ ಶಹಾಬಾದ್ ಫರಸಿಯ ಮೇಲೆ ನೇರವಾಗಿ ಹಾಸುವುದೂ ತಪ್ಪು, ಏಕೆಂದರೆ ಅಡಿಭಾಗಕ್ಕೆ ಗಾಳಿ ತಾಕುವುದಿಲ್ಲ. ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ತೋಟದ ಮನೆಗಳಲ್ಲಿ ಬಟ್ಟೆಯನ್ನು ಬಾಳೆಯ ಗಿಡಗಳ ಮೇಲೆಯೇ ಹರವಿದರೆ ಅವುಗಳ ಸೊನೆ ತಾಗಿ ಬೀಳುವ ಕಂದು ಕಲೆ ಯಾವ ಸಾಬೂನಿಗೂ ಬಿಡದು. ಹತ್ತಿರದಲ್ಲಿ ತೊಗರಿಯ ರಾಶಿ ನಡೆದಿದ್ದರೆ ಅದು ಮುಗಿಯುವವರೆಗೆ ಒಗೆಯುವ ಕೆಲಸವನ್ನೇ ಮುಂದೂಡುವುದು ಲೇಸು. ಆ ಹೊಟ್ಟು, ಧೂಳು ಒದ್ದೆ ಉಣ್ಣೆಗೆ ಅಂಟಿದರೆ ಆರಿಸಿ ತೆಗೆಯುವುದು ಕಷ್ಟ.

ಇನ್ನು ಕೌದಿಯ ವಿಚಾರ. ಹೆಚ್ಚಿನ ತಪ್ಪುಗಳು ನಡೆಯುವುದು ಇಲ್ಲಿಯೇ. ಹಳೆಯ ಸೀರೆ, ಧೋತರಗಳನ್ನು ಹಲವು ಪದರಗಳಾಗಿ ಜೋಡಿಸಿ, ಒತ್ತೊತ್ತಾಗಿ ಕೈಹೊಲಿಗೆ ಹಾಕಿ ಮಾಡಿದ ಕೌದಿಯಲ್ಲಿ ಪ್ರತಿಯೊಂದು ಪದರವೂ ನೀರು ಹಿಡಿದಿರುತ್ತದೆ ಮತ್ತು ಆ ನೀರು ಕೆಳಕ್ಕಿಳಿದು ಅಂಚಿನ ಪಟ್ಟಿಯಲ್ಲಿಯೂ ಮೂಲೆಗಳಲ್ಲಿಯೂ ಸೇರುತ್ತದೆ. ಮಧ್ಯಭಾಗವನ್ನು ಮುಟ್ಟಿ ನೋಡಿ ಒಣಗಿತೆಂದು ತೀರ್ಮಾನಿಸಿದವರು ಮೂಲೆಗಳನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಚುಕಿ ನೋಡಿದರೆ ಒಳಗಿನ ತಂಪು ಕೂಡಲೇ ತಿಳಿಯುತ್ತದೆ. ಕೌದಿಯನ್ನು ಒಂದೇ ಹಗ್ಗದ ಮೇಲೆ ಇಬ್ಬಗೆಯಾಗಿ ಇಳಿಬಿಟ್ಟರೆ ಒಳಮೈಗಳು ಒಂದಕ್ಕೊಂದು ಅಂಟಿಕೊಳ್ಳುವುದರಿಂದ, ಎರಡು ಮೊಳ ಅಂತರದ ಎರಡು ಹಗ್ಗಗಳ ಮೇಲೆ ಹಾಕಿ ನಡುವೆ ಗಾಳಿಯಾಡಲು ದಾರಿ ಬಿಡಬೇಕು. ಮಧ್ಯಾಹ್ನ ಮಗ್ಗುಲು ಬದಲಿಸಬೇಕು. ಹೊತ್ತು ಮುಳುಗುವ ಮುನ್ನವೇ ಒಳತರಬೇಕು, ಏಕೆಂದರೆ ರಾತ್ರಿ ತಂಪೇರಿದಂತೆ ಹತ್ತಿಯು ಗಾಳಿಯಲ್ಲಿನ ತೇವವನ್ನು ಮರಳಿ ಹೀರುತ್ತದೆ. ಎರಡನೆಯ ದಿನದ ಬಿಸಿಲು ಕಡ್ಡಾಯವೆಂದೇ ತಿಳಿಯಬೇಕು. ಬಾಲ್ಕನಿಯಷ್ಟೇ ಇರುವ ಅಪಾರ್ಟ್‌ಮೆಂಟ್‌ಗಳಲ್ಲಿ ಒಂದು ದಿನಕ್ಕೆ ಒಂದೇ ಕೌದಿ ಒಗೆಯುವ ನಿಯಮವಿಟ್ಟುಕೊಂಡರೆ ಕುರ್ಚಿ, ಬಾಗಿಲು, ಕಿಟಕಿಗಳ ಮೇಲೆಲ್ಲ ಒದ್ದೆ ಬಟ್ಟೆ ಹರಡುವುದು ತಪ್ಪುತ್ತದೆ.

ಎರಡನೆಯ ಸಂಜೆ ಬಿಸಿಬಿಸಿಯಾಗಿಯೇ ಮಡಚಿ ಟ್ರಂಕಿಗೆ ಹಾಕುವುದು ಒಣಗಿಸಿದ ಶ್ರಮವನ್ನೆಲ್ಲ ವ್ಯರ್ಥಗೊಳಿಸುವ ತಪ್ಪು. ಬಿಸಿ ಬಟ್ಟೆಯಲ್ಲಿ ಉಳಿದ ತೇವವು ಆವಿಯಾಗಿ ಹೊರಬಂದು, ರಾತ್ರಿ ತಣ್ಣಗಾದ ತಗಡಿನ ಗೋಡೆಗೆ ತಾಗಿ ಮತ್ತೆ ನೀರಾಗುತ್ತದೆ. ಕೌದಿಯನ್ನು ಮನೆಯೊಳಗೆ ಹೊರಸಿನ ಮೇಲೆ ಹರವಿ, ಪೂರ್ಣ ತಣಿದ ಮೇಲೆ ಮಡಚಬೇಕು. ಸಂಶಯವಿದ್ದಲ್ಲಿ ಸುಲಭವಾದ ಪರೀಕ್ಷೆಯೊಂದಿದೆ: ಮಡಚಿದ ಬಟ್ಟೆಯನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಅರ್ಧ ತಾಸು ಬಿಸಿಲಿಗಿಟ್ಟಾಗ ಚೀಲದ ಒಳಮೈಯಲ್ಲಿ ಹನಿಗಳು ಕಾಣಿಸಿಕೊಂಡರೆ ಅದು ಇನ್ನೂ ಒಣಗಿಲ್ಲ. ಉಣ್ಣೆಗೆ ಈ ಪರೀಕ್ಷೆ ಇನ್ನೂ ಅಗತ್ಯ, ಏಕೆಂದರೆ ತನ್ನ ತೂಕದ ಸುಮಾರು ಶೇ 30ರಷ್ಟು ತೇವ ಹೀರಿಕೊಂಡಾಗಲೂ ಉಣ್ಣೆ ಕೈಗೆ ಒದ್ದೆಯೆನಿಸುವುದಿಲ್ಲ. ಪರೀಕ್ಷೆಯ ಚೀಲದಲ್ಲಿಯೇ ಬಟ್ಟೆಯನ್ನು ವರ್ಷವಿಡೀ ಬಿಡಬಾರದು.

ಎತ್ತಿಡುವಾಗ ಪ್ರತಿಯೊಂದನ್ನೂ ಒಗೆದ ಹಳೆಯ ಧೋತರದ ತುಂಡಿನಲ್ಲಿ ಸುತ್ತಿ, ಭಾರದವನ್ನು ಕೆಳಗೂ ಸ್ವೆಟರುಗಳನ್ನು ಮೇಲೂ ಇರಿಸಿ, ಟ್ರಂಕನ್ನು ಗೋಡೆಯಿಂದ ಸರಿಸಿ ಇಟ್ಟಿಗೆಗಳ ಮೇಲಿಡಬೇಕು. ಮಕ್ಕಳಿಗೆ ಚಿಕ್ಕದಾದ ಸ್ವೆಟರುಗಳನ್ನು ಮರಳಿ ತುಂಬದೆ ಆಗಲೇ ಬೇರೆಯವರಿಗೆ ಕೊಟ್ಟರೆ ಒಂದೇ ಟ್ರಂಕು ಸಾಕಾಗುತ್ತದೆ. ಉಣ್ಣೆಯನ್ನು ತಿನ್ನುವುದು ಹಾರುವ ನುಸಿಯಲ್ಲ, ಅದರ ಮರಿಹುಳು. ಬೆವರು, ಎಣ್ಣೆಯ ಕಲೆಗಳಿರುವಲ್ಲಿ ಅದು ಹೆಚ್ಚು ತಿನ್ನುವುದರಿಂದ ಒಂದೆರಡು ದಿನವಷ್ಟೇ ತೊಟ್ಟ ಬಟ್ಟೆಯನ್ನೂ ಒಗೆಯದೆ ಇಡಬಾರದು. ನುಸಿಗುಳಿಗೆಯ ಆವಿ ಗಾಳಿಗಿಂತ ಭಾರವಾದುದರಿಂದ ಗುಳಿಗೆಗಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಮೇಲ್ಭಾಗದಲ್ಲಿ ಇಡಬೇಕು. ಆದರೆ ಹಸುಗೂಸಿನ ಕುಂಚಿಗೆ, ಕುಲಾವಿ, ಹೊದಿಕೆಗಳ ಜೊತೆ ಅವನ್ನು ಎಂದಿಗೂ ಇಡಕೂಡದು: ಜಿ6ಪಿಡಿ ಎಂಬ, ಕೆಂಪು ರಕ್ತಕಣಗಳನ್ನು ಕಾಪಾಡುವ ಕಿಣ್ವದ ಕೊರತೆಯೊಂದಿಗೆ ಹುಟ್ಟಿದ ಮಕ್ಕಳಲ್ಲಿ ಈ ಗುಳಿಗೆಯ ನಾಫ್ತಲೀನ್ ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು. ಮಗುವಿನ ಬಟ್ಟೆಗಳನ್ನು ಬೇರೆ ಡಬ್ಬಿಯಲ್ಲಿ, ಯಾವ ಗುಳಿಗೆಯೂ ಇಲ್ಲದೆ ಇಟ್ಟು, ತೊಡಿಸುವ ಮುನ್ನ ಒಗೆದು ಬಿಸಿಲಿಗೆ ಹಾಕಬೇಕೆಂಬುದನ್ನು ಮನೆಯ ಹಿರಿಯರು ದಯವಿಟ್ಟು ತಪ್ಪದೆ ಪಾಲಿಸಬೇಕು.