ಮರದ ರೀಲು: ಎಷ್ಟು ಮುಟ್ಟಬೇಕು, ಎಲ್ಲಿ ನಿಲ್ಲಿಸಬೇಕು?

ಪ್ರಶ್ನೆ: ನಮ್ಮ ತೋಟದ ಮನೆಯ ಅಟ್ಟದಲ್ಲಿ ಗಾಳದ ಹಳೆಯ ರೀಲೊಂದು ಸಿಕ್ಕಿದೆ. ಅಂಗೈಯಗಲದ ಮರದ ಉರುಳೆ, ಹಿಂಬದಿಗೆ ನಕ್ಷತ್ರದಂಥ ಹಿತ್ತಾಳೆ ಪಟ್ಟಿ. ಮುದ್ರೆ ಏನೂ ಇಲ್ಲ. ಇದು ಎಲ್ಲಿಯದು ಸರ್?
– ಹೆಸರು ಬೇಡ, ಪೊನ್ನಂಪೇಟೆ

ಉತ್ತರ: ಲಕ್ಷಣಗಳೆಲ್ಲ ಇಂಗ್ಲೆಂಡಿನ ‘ನಾಟಿಂಗ್‌ಹ್ಯಾಮ್ ರೀಲಿ’ಗೆ ಹೊಂದುತ್ತವೆ. ಟ್ರೆಂಟ್ ನದಿಯ ಹರಿವಿನಲ್ಲಿ ಬೆಂಡು ತೇಲಿಬಿಟ್ಟು ಮೀನು ಹಿಡಿಯುತ್ತಿದ್ದವರು 19ನೇ ಶತಮಾನದಲ್ಲಿ ಬಳಸುತ್ತಿದ್ದದ್ದು ಇದನ್ನೇ. ಹೆಚ್ಚಿನವು ಅಕ್ರೋಟು ಮರದವು. ಗೇರ್ ಇಲ್ಲ, ಹಿಡಿ ಒಂದು ಸುತ್ತು ತಿರುಗಿದರೆ ಉರುಳೆಯೂ ಒಂದೇ ಸುತ್ತು. ತೇವ ಕುಡಿದ ಮರ ಎಳೆಗೆ ಅಡ್ಡಲಾಗಿ ಉಬ್ಬುತ್ತದೆ, ಎಳೆಯ ಉದ್ದಕ್ಕೆ ಅಷ್ಟಾಗಿ ಉಬ್ಬದು. ಹೀಗೆ ದುಂಡು ಹಲಗೆ ಸೊಟ್ಟಗಾಗದಿರಲೆಂದೇ ಆ ಹಿತ್ತಾಳೆ ನಕ್ಷತ್ರ. ರೆಡಿಚ್ ಊರಿನ ಆಲ್‌ಕಾಕ್‌ನಂಥ ಕಂಪನಿಗಳು ಇಂಥ ರೀಲು ಮಾಡಿ ಮಾರಿದವು; ಮುದ್ರೆಯಿಲ್ಲದವೂ ಸಾಕಷ್ಟಿವೆ. ಗಾಳದ ಈ ಹವ್ಯಾಸ ಬ್ರಿಟಿಷರ ಜೊತೆ ನಮ್ಮ ನದಿಗಳಿಗೂ ಬಂತು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್.ಎಸ್. ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು.

ಪ್ರಶ್ನೆ: ಇಲ್ಲಿ ಹಳೆ ಸಾಮಾನಿನ ಸಂತೆಯಲ್ಲಿ ಕೊಂಡ ಮರದ ರೀಲಿನ ಉರುಳೆ ಹಿಂಬದಿಯ ಹಲಗೆಗೆ ಉಜ್ಜುತ್ತದೆ. ಹೀಟರ್ ಪಕ್ಕ ಒಣಗಿಸಿ ಉಪ್ಪುಕಾಗದದಲ್ಲಿ ತಿಕ್ಕಲೇ?
– ಕನ್ನಡಿಗ, ಲೆಸ್ಟರ್

ಉತ್ತರ: ಎರಡೂ ಬೇಡ. ಬೇಗ ಒಣಗಿದ ಮರ ಸೀಳುತ್ತದೆ. ಉರುಳೆಯನ್ನು ಬಿಚ್ಚಿ, ಅಚ್ಚಿಗೆ ಅಂಟಿದ ಹಳೆಯ ಜಿಡ್ಡು ಒರೆಸಿ, ಗಾಳಿಯಾಡುವ ತಂಪು ಮೂಲೆಯಲ್ಲಿ ಕೆಲವು ವಾರ ಇಡಿ. ಎಷ್ಟೋ ರೀಲು ಇಷ್ಟರಲ್ಲೇ ಸರಿಹೋಗುತ್ತವೆ. ಆಮೇಲೂ ಉಜ್ಜಿದರೆ ಹಿಂಬದಿಯ ಹಲಗೆಗೆ ಮೆತ್ತನೆಯ ಪೆನ್ಸಿಲ್ ಸವರಿ ಉರುಳೆ ತಿರುಗಿಸಿ. ಉರುಳೆಯಲ್ಲಿ ಕಪ್ಪು ಹತ್ತಿದ ಜಾಗ ಮಾತ್ರ ಅಡ್ಡಿಯ ಜಾಗ. ಅಲ್ಲಷ್ಟೇ, ಅತಿ ನಯವಾದ ಕಾಗದದಲ್ಲಿ, ನಾಲ್ಕು ಸಲ ಉಜ್ಜಿ ಮತ್ತೆ ಜೋಡಿಸಿ ನೋಡಿ. ತೆಗೆದ ಮರ ಮರಳಿ ಬರುವುದಿಲ್ಲ.

ಪ್ರಶ್ನೆ: ಹಿತ್ತಾಳೆಗೆ ಕಿಲುಬು ಹಿಡಿದಿದೆ. ದೀಪ ತೊಳೆದಂತೆ ಹುಣಸೆಹಣ್ಣು ಹಾಕಿ ಬೆಳಗಬಹುದೆ? ಒಂದು ಸ್ಕ್ರೂ ಅಲುಗಾಡುತ್ತಲೇ ಇಲ್ಲ.
– ಗೃಹಿಣಿ, ಕುಂದಾಪುರ

ಉತ್ತರ: ದೀಪಕ್ಕೆ ಸರಿ, ರೀಲಿಗೆ ಬೇಡಮ್ಮ. ಹುಳಿನೀರು ಮರದೊಳಗೆ ಇಳಿದು ಕಲೆ ಮಾಡುತ್ತದೆ; ಅಂಗಡಿಯ ಪಾಲಿಷ್ ಮರದ ರಂಧ್ರಗಳಲ್ಲಿ ಬಿಳಿ ಪುಡಿಯಾಗಿ ಕೂರುತ್ತದೆ. ಒಣ ಹಲ್ಲುಜ್ಜುವ ಬ್ರಷ್ಷಿನಲ್ಲಿ ಹಸಿರು ಕಿಲುಬನ್ನು ಉದುರಿಸಿ, ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಸವರಿದ ಬಟ್ಟೆಯಲ್ಲಿ ಒರೆಸಿ. ಕಂದುಬಣ್ಣ ಹಾಗೇ ಇರಲಿ, ಅದು ವಯಸ್ಸಿನ ಸಾಕ್ಷಿ. ಬಿಗಿದ ಸ್ಕ್ರೂವಿನ ತಲೆಗೆ ಬೆಸುಗೆ ಕಡ್ಡಿಯ ಬಿಸಿ ಮೊನೆಯನ್ನು ಕೊಂಚ ಹೊತ್ತು ಮುಟ್ಟಿಸಿ, ತಣಿದ ಮೇಲೆ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್‌ನಿಂದ ತಿರುಗಿಸಿ. ಕಿರಿದಾದ ಮೊನೆ ಹಾಕಿದರೆ ತಲೆ ಹರಿದುಹೋಗುತ್ತದೆ.

ಪ್ರಶ್ನೆ: ರಿಪೇರಿಯಾದ ರೀಲಿನಲ್ಲಿ ಕಾವೇರಿಯ ಬಿಳಿಮೀನಿಗೆ ಗಾಳ ಹಾಕುವ ಆಸೆ.
– ಕಾಲೇಜು ವಿದ್ಯಾರ್ಥಿ, ಮೈಸೂರು

ಉತ್ತರ: ಆ ಆಸೆ ಬಿಡಿ ತಮ್ಮಾ. ನೀವು ಹೇಳುವ ಬಿಳಿಮೀನು, ಅಂದರೆ ಕಾವೇರಿಯ ಗೂನುಬೆನ್ನಿನ ಮಹಸೀರ್, 2018ರಿಂದ ‘ತೀವ್ರ ಅಪಾಯದಲ್ಲಿರುವ’ ಪ್ರಭೇದಗಳ ಪಟ್ಟಿಯಲ್ಲಿದೆ. ಕಬಿನಿಯಲ್ಲಿ 1946ರಲ್ಲಿ 120 ಪೌಂಡಿನ ಮೀನು ಸಿಕ್ಕ ಕಾಲ ಮುಗಿಯಿತು. ರೀಲು ಕಪಾಟಿನಲ್ಲಿ ಉಳಿಯಲಿ, ಮೀನು ಹೊಳೆಯಲ್ಲಿ ಉಳಿಯಲಿ.

ಪ್ರಶ್ನೆ: ಕೊನೆಗೆ ವಾರ್ನಿಷ್ ಹೊಡೆಯಲೇ, ಕೊಬ್ಬರಿ ಎಣ್ಣೆ ಸಾಕೇ?
– ನಿವೃತ್ತ ಮೇಷ್ಟ್ರು, ಸಾಗರ

ಉತ್ತರ: ಕೊಬ್ಬರಿ ಎಣ್ಣೆ ಒಣಗುವುದೇ ಇಲ್ಲ, ಅಂಟಾಗಿ ಧೂಳು ಹಿಡಿಯುತ್ತದೆ. ವಾರ್ನಿಷ್ ದಪ್ಪಗೆ ಕೂತು ಉರುಳೆಯನ್ನು ಮತ್ತೆ ಕಚ್ಚಿಸುತ್ತದೆ. ಪೇಂಟ್ ಅಂಗಡಿಯಲ್ಲಿ ಸಿಗುವ ಡಬಲ್ ಬಾಯಿಲ್ಡ್ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು ಪೂರ್ತಿ ಒರೆಸಿಬಿಡಿ. ಚೆನ್ನಾಗಿ ಒಣಗಿದ ಮೇಲೆ ಇನ್ನೊಂದು ಸಲ. ಅಲ್ಲಿಗೆ ನಿಲ್ಲಿಸಿ. ಹಳೆಯ ಗೀರುಗಳನ್ನು ಅಳಿಸಬೇಡಿ. ಯಾರೋ ಹೊಳೆದಂಡೆಯಲ್ಲಿ ಕಳೆದ ಬೆಳಗುಗಳ ಗುರುತು ಅವು. ಒಂದು ಮಾತು ಮರೆಯಬೇಡಿ: ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ, ಹರವಿ, ಮನೆಯ ಹೊರಗೆ ಒಣಗಿಸಿದ ಮೇಲೆಯೇ ಎಸೆಯಿರಿ.