ಅಂಕ ಕೊಟ್ಟದ್ದು ಯಾವುದಕ್ಕೆ? – ಆಟದ ಮೂಲಕ ಒಂದು ನೀತಿಪಾಠ

ಬೋಧನಾಭ್ಯಾಸದ ಅವಧಿಯಲ್ಲಿ ನಮ್ಮ ಆವರಣದಲ್ಲೇ ಇರುವ ಪಾಲಿಟೆಕ್ನಿಕ್‌ನ ಮೊದಲ ವರ್ಷದ ಮೆಕ್ಯಾನಿಕಲ್ ಡಿಪ್ಲೊಮಾದ ಎರಡು ವಿಭಾಗಗಳಿಗೆ ಪಾಠ ಮಾಡುವ ಅವಕಾಶ ನನಗೆ ಸಿಕ್ಕಿತು. ವಿಷಯ: ಎಂಜಿನಿಯರ್‌ನ ಹೊಣೆಗಾರಿಕೆ. ಉಪನ್ಯಾಸದ ಬದಲು ಆಟವನ್ನು ಆರಿಸಿಕೊಂಡೆ.

ಚಟುವಟಿಕೆ: ಐವರ ತಂಡದಲ್ಲಿ ಒಬ್ಬರು ಎಂಜಿನಿಯರ್, ಒಬ್ಬರು ಮ್ಯಾನೇಜರ್, ಉಳಿದವರು ಗ್ರಾಹಕ ಸಂಸ್ಥೆಯವರು. ಕಾರ್ಡಿನಲ್ಲಿದ್ದ ಮಾಹಿತಿ ಇಷ್ಟು: ರಾಕೆಟ್‌ನ ಜೋಡಣೆಯಲ್ಲಿ ರಬ್ಬರ್ ಸೀಲ್ ಇದೆ. ಚಳಿಗೆ ಅದು ಗಡಸಾಗುತ್ತದೆ. ಈವರೆಗಿನ ಅತಿ ಚಳಿಯ ಉಡಾವಣೆ ನಡೆದದ್ದು ಸುಮಾರು 12 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆಗಲೂ ಸೀಲ್ ದಾಟಿ ಬಿಸಿ ಅನಿಲ ಸೋರಿತ್ತು. ನಾಳೆ ಬೆಳಿಗ್ಗೆ ಚಳಿ ಸೊನ್ನೆಯ ಆಸುಪಾಸು. ಸಹಿ ಹಾಕುವಿರಾ? ಸಮಯಕ್ಕೆ ಉಡಾಯಿಸಿದರೆ 10 ಅಂಕ, ಮುಂದೂಡಿದರೆ 2.

ಆರು ತಂಡಗಳಲ್ಲಿ ಐದು ಸಹಿ ಹಾಕಿದವು. ಒಂದು ತಂಡದ ಎಂಜಿನಿಯರ್ ಹುಡುಗಿ ಮೂರು ಸಲ ‘ಬೇಡ’ ಎಂದಳು. ‘ಅಂಕ ಹೋಗುತ್ತೆ ಕಣೇ, ಸುಮ್ನಿರು’ ಎಂದು ಗೆಳತಿಯೇ ಸುಮ್ಮನಾಗಿಸಿದಳು.

ಆಮೇಲೆ ನಿಜ ಘಟನೆ ಹೇಳಿದೆ. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಮೇಲೆದ್ದ 73 ಸೆಕೆಂಡಿಗೆ ಛಿದ್ರವಾಯಿತು. ಏಳು ಮಂದಿ ತೀರಿಕೊಂಡರು. ಹಿಂದಿನ ರಾತ್ರಿ ಮಾರ್ಟನ್ ಥಿಯೋಕಾಲ್ ಕಂಪನಿಯ ಎಂಜಿನಿಯರುಗಳು ಉಡಾವಣೆ ಬೇಡವೆಂದಿದ್ದರು. ಆಡಳಿತದವರು ಆ ಸಲಹೆಯನ್ನು ಬದಲಿಸಿದರು.

ತರಗತಿ ಮೌನವಾಯಿತು. ‘ಹಾಗಾದರೆ ನಿಮ್ಮ ಆಟದಲ್ಲಿ ತಪ್ಪು ಯಾರದು?’ ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ, ‘ಅಂಕ ಇಟ್ಟಿದ್ದು ನೀವೇ ಅಲ್ವಾ ಮೇಡಂ?’ ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ‘ಬೇಡ’ ಎಂದವಳ ಮಾತಿಗೆ ನನ್ನ ಅಂಕಪಟ್ಟಿಯಲ್ಲಿ ಜಾಗವೇ ಇರಲಿಲ್ಲ.

ಮರುಯೋಜನೆ: ‘ಆ ಹುಡುಗನ ಪ್ರಶ್ನೆಯಿಂದಲೇ ಮುಂದಿನ ಪಾಠ ಯೋಜನೆ ಬರೆಯಿರಿ’ ಎಂದರು ಮಾರ್ಗದರ್ಶಕರು. ಎರಡನೇ ವಿಭಾಗದಲ್ಲಿ ಅಂಕ ತೆಗೆದೆ. ಎಂಜಿನಿಯರ್ ತನ್ನ ಆಕ್ಷೇಪವನ್ನು ಒಂದು ವಾಕ್ಯದಲ್ಲಿ ಬರೆಯಬೇಕು. ಮ್ಯಾನೇಜರ್ ಸಹಿಗೆ ಮುನ್ನ ‘ಸುರಕ್ಷಿತ ಎನ್ನಲು ಆಧಾರವೇನು?’ ಎಂಬುದಕ್ಕೆ ಉತ್ತರ ಬರೆಯಬೇಕು. ಚಾಲೆಂಜರ್ ಪ್ರಕರಣದಲ್ಲಿ ಇದು ತಿರುಗುಮುರುಗಾಗಿತ್ತು: ಅಪಾಯವಿದೆಯೆಂದು ಸಾಬೀತುಮಾಡುವ ಹೊರೆ ಎಂಜಿನಿಯರುಗಳ ಮೇಲೆ ಬಿದ್ದಿತ್ತು.

ಈ ಸಲವೂ ಎರಡು ತಂಡಗಳು ಸಹಿ ಹಾಕಿದವು. ಆದರೆ ಅವರ ಕಾರಣ ಕಾಗದದ ಮೇಲಿತ್ತು: ‘ಹಿಂದೆ ಏನೂ ಆಗಿಲ್ಲ.’ ಉಳಿದ ಹದಿನೈದು ನಿಮಿಷ ಆ ಒಂದೇ ವಾಕ್ಯವನ್ನು ಚರ್ಚಿಸಿದೆವು.

ಕಲಿತದ್ದು: ಆಟದ ಕಥೆಗಿಂತ ಮೊದಲು ಮಕ್ಕಳು ಓದುವುದು ಅಂಕದ ನಿಯಮವನ್ನು. ತರಗತಿಗೆ ಆಟ ಒಯ್ಯುವ ಸಹಪಾಠಿಗಳು ಅದನ್ನೇ ಮೊದಲು ಪರೀಕ್ಷಿಸಿಕೊಳ್ಳಲಿ.