ರಕ್ತಪರೀಕ್ಷೆಯಿಂದ ಕುಡಿತ ಗೊತ್ತಾಗುತ್ತದೆಯೇ?



ಗಂಡಸರ ಕುಡಿತದ ಬಗ್ಗೆ ನಾವು ಸಂಘದ ಸಭೆಗಳಲ್ಲಿ ಬೇಕಾದಷ್ಟು ಮಾತಾಡಿದ್ದೇವೆ. ಹೆಂಗಸರ ಕುಡಿತದ ಮಾತು ಬಂದರೆ ಮಾತ್ರ ತಲೆ ತಗ್ಗಿಸುತ್ತೇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ತುಂಬಿದ 100 ಗಂಡಸರಲ್ಲಿ ಸುಮಾರು 19 ಮಂದಿ ಕುಡಿಯುತ್ತಾರೆ. ಹೆಂಗಸರಲ್ಲಿ ಸುಮಾರು ಒಬ್ಬರು. ಆ ಒಬ್ಬಳು ನಾಚಿಕೆಯಿಂದ ಎಲ್ಲವನ್ನೂ ಮುಚ್ಚಿಡುತ್ತಾಳೆ. "ಕೇಳಿದ್ರೆ ಇಲ್ಲ ಅಂತಾಳೆ, ರಕ್ತಪರೀಕ್ಷೆ ಮಾಡಿಸಿದ್ರೆ ಗೊತ್ತಾಗಲ್ವಾ?" ಎಂದು ಕೇಳುವವರಿದ್ದಾರೆ. ಉತ್ತರ ನೋಡೋಣ.

ಪರೀಕ್ಷೆಗಳು ಯಾವುವು?

1. ಜಿ.ಜಿ.ಟಿ.: ಹೆಚ್ಚು ಕುಡಿಯುವವರ ರಕ್ತದಲ್ಲಿ ಲಿವರಿನ ಈ ಅಂಶ ಏರುತ್ತದೆ. ಕುಡಿತ ಬಿಟ್ಟರೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಆದರೆ ಬೊಜ್ಜು, ಸಕ್ಕರೆ ಕಾಯಿಲೆ, ಕೆಲವು ಫಿಟ್ಸ್ ಮಾತ್ರೆಗಳಿಂದಲೂ ಏರಬಹುದು.

2. ಎಂ.ಸಿ.ವಿ.: ಇದು ಕೆಂಪು ರಕ್ತಕಣದ ಗಾತ್ರ. ಬಹುಕಾಲ ಕುಡಿದರೆ ಕಣ ದೊಡ್ಡದಾಗುತ್ತದೆ. ಫೋಲಿಕ್ ಆಮ್ಲ, ಬಿ-12 ಕಡಿಮೆಯಾದರೂ ಹಾಗೆಯೇ. ಕಬ್ಬಿಣಾಂಶ ಕಡಿಮೆಯಾದರೆ ಕಣ ಸಣ್ಣದಾಗುತ್ತದೆ. ರಕ್ತಹೀನತೆ ನಮ್ಮಲ್ಲಿ ಎಷ್ಟೊಂದು ಹೆಂಗಸರಿಗಿದೆ! ಹೀಗಾಗಿ ಕುಡಿಯುವವಳ ರಿಪೋರ್ಟು ಕೂಡ 'ನಾರ್ಮಲ್' ಬರಬಹುದು.

3. ಸಿ.ಡಿ.ಟಿ.: ಇತ್ತೀಚಿನ ವಾರಗಳ ಅತಿ ಕುಡಿತವನ್ನು ತೋರಿಸುತ್ತದೆ. ಆದರೆ ಗಂಡಸರಲ್ಲಿ ತೋರಿಸುವಷ್ಟು ಚೆನ್ನಾಗಿ ಹೆಂಗಸರಲ್ಲಿ ತೋರಿಸುವುದಿಲ್ಲ. ಗರ್ಭಿಣಿಯರಲ್ಲಿ ಕುಡಿಯದಿದ್ದರೂ ಏರಬಹುದು.

4. ಪೆಥ್: ಮದ್ಯ ಮೈಗೆ ಸೇರಿದರೆ ಮಾತ್ರ ರಕ್ತದಲ್ಲಿ ಹುಟ್ಟುವ ವಸ್ತು. ಸುಮಾರು 2ರಿಂದ 4 ವಾರ ಉಳಿಯುತ್ತದೆ. ಇವುಗಳಲ್ಲಿ ಹೆಚ್ಚು ನಂಬಬಹುದಾದದ್ದು ಇದೇ. ಆದರೆ ಎಲ್ಲ ಲ್ಯಾಬಿನಲ್ಲಿ ಸಿಗುವುದಿಲ್ಲ.

ಹಾಗಾದರೆ ಏನು ತಿಳಿಯಬೇಕು?

ರಿಪೋರ್ಟಿನಲ್ಲಿ ಏರಿದೆ ಅಂದಾಕ್ಷಣ "ಕುಡುಕಿ" ಎನ್ನುವ ಹಾಗಿಲ್ಲ. ಸರಿಯಿದೆ ಅಂದಾಕ್ಷಣ ನಿಶ್ಚಿಂತೆಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕಾಗಿಯೇ 'ಆಡಿಟ್' ಎಂಬ 10 ಪ್ರಶ್ನೆಗಳನ್ನು ಸಿದ್ಧಪಡಿಸಿದೆ: ಎಷ್ಟು ಸಲ ಕುಡಿಯುತ್ತೀರಿ, ಒಮ್ಮೆಗೆ ಎಷ್ಟು, ನಿಲ್ಲಿಸಲು ಆಗದೇ ಹೋದದ್ದುಂಟೇ, ಹೀಗೆ. ಡಾಕ್ಟರೋ ನರ್ಸೋ ಒಬ್ಬಳನ್ನೇ ಕೂರಿಸಿಕೊಂಡು ಪ್ರೀತಿಯಿಂದ ಇವನ್ನು ಕೇಳಿದರೆ, ಜಿ.ಜಿ.ಟಿ., ಎಂ.ಸಿ.ವಿ.ಗಳಿಗೆ ಸಿಗದ ಸತ್ಯ ಸಿಗುತ್ತದೆ. ರಕ್ತಪರೀಕ್ಷೆ ಅದಕ್ಕೆ ಜೊತೆಯಾಗಿ ಇರಲಿ. ಅವಳ ಒಪ್ಪಿಗೆಯಿಲ್ಲದೆ ಮಾತ್ರ ಬೇಡ.

ತಡ ಮಾಡುವುದೂ ಸರಿಯಲ್ಲ. ಹೆಂಗಸರ ಮೈಯಲ್ಲಿ ನೀರಿನಂಶ ಕಡಿಮೆ. ಅಷ್ಟೇ ಕುಡಿದರೂ ಗಂಡಸರಿಗಿಂತ ಬೇಗ ಲಿವರ್ ಕೆಡುತ್ತದೆ. ಬಸುರಿಯಲ್ಲಿ ಕುಡಿದರೆ ಮಗುವಿನ ಮೆದುಳಿಗೆ ಪೆಟ್ಟು. ಇಷ್ಟು ಕುಡಿದರೆ ಪರವಾಗಿಲ್ಲ ಎಂಬ ಲೆಕ್ಕವೇ ಇಲ್ಲ.

ಒಂದು ಎಚ್ಚರಿಕೆ: ದಿನಾ ತುಂಬಾ ಕುಡಿಯುವವಳನ್ನು ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಡಾಕ್ಟರ ಸಲಹೆಯಲ್ಲೇ ಬಿಡಿಸಬೇಕು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಉಚಿತವಾಗಿ ಸಲಹೆ ಸಿಗುತ್ತದೆ.

ಸಾಲ ತೀರಿಸಲಾಗದ ಸದಸ್ಯೆಯ ಜೊತೆ ನಾವು ನಿಲ್ಲುತ್ತೇವಲ್ಲ, ಇವಳ ಜೊತೆಗೂ ಹಾಗೆಯೇ ನಿಲ್ಲೋಣ.

ಚರ್ಚೆಗೆ ಪ್ರಶ್ನೆಗಳು

1. ರಿಪೋರ್ಟು ಒಂದನ್ನೇ ನಂಬಿ ಒಬ್ಬಳನ್ನು ಕುಡುಕಿ ಎಂದು ಏಕೆ ಹೇಳಬಾರದು?
2. ನಮ್ಮ ಸಂಘದ ಸದಸ್ಯೆಯೊಬ್ಬಳು ಕುಡಿಯುತ್ತಿದ್ದರೆ, ಅದನ್ನು ಹೇಳಿಕೊಳ್ಳುವ ಧೈರ್ಯ ಅವಳಿಗೆ ನಮ್ಮಿಂದ ಸಿಗುತ್ತದೆಯೇ?
3. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ನಮ್ಮಲ್ಲಿ ಯಾರು ಮುಂದೆ ಬರುತ್ತೇವೆ?